ಅಮೆರಿಕದ ಅಂತರ್ಯುದ್ಧದ ಸಿಪಾಯಿಗಳು ಮನೆಗೆ ಬರೆದ ಕಾಗದಗಳಲ್ಲಿ ಯುದ್ಧದ ಮಾತು ಏಕೆ ಇಷ್ಟು ಕಡಿಮೆ?

ರಿಚ್‌ಮಂಡ್ ಕನ್ನಡಿಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ವರ್ಜೀನಿಯಾದಲ್ಲಿ ನೆಲೆಸಿದ್ದೇನೆ. ಇಲ್ಲಿ ಯಾವ ರಸ್ತೆ ಹಿಡಿದರೂ 1861ರಿಂದ 1865ರವರೆಗೆ ಉತ್ತರದ ರಾಜ್ಯಗಳಿಗೂ, ಒಕ್ಕೂಟದಿಂದ ಬೇರೆಯಾಗಹೊರಟ ದಕ್ಷಿಣದ ಗುಲಾಮಗಿರಿಯ ರಾಜ್ಯಗಳಿಗೂ ನಡೆದ ಅಂತರ್ಯುದ್ಧದ ಒಂದಲ್ಲ ಒಂದು ರಣರಂಗದ ಫಲಕ ಎದುರಾಗುವುದರಿಂದ, ಆ ಕಾಲದ ಸಾಮಾನ್ಯ ಸಿಪಾಯಿಗಳು ಪಾಳೆಯದಿಂದ ಮನೆಗೆ ಬರೆದ ಕಾಗದಗಳನ್ನು ಓದುವ ಆಸಕ್ತಿ ಹುಟ್ಟಿತು. ಪತ್ರಾಗಾರಗಳು ಅಂತರ್ಜಾಲದಲ್ಲಿ ತೆರೆದಿಟ್ಟಿರುವುದರಿಂದ ಇಂಥ ಕಾಗದಗಳು ಈಗ ಯಾರಿಗೆ ಬೇಕಾದರೂ ಸಿಗುತ್ತವೆ.

ಓದುತ್ತಾ ಹೋದಂತೆ ನನಗೆ ಅರ್ಥವಾಗದೆ ಉಳಿದದ್ದು ಇಷ್ಟು. ಫ್ರೆಡೆರಿಕ್ಸ್‌ಬರ್ಗ್‌ನಂತಹ ಭೀಕರ ಕಾಳಗದಲ್ಲಿ ಪಾಲ್ಗೊಂಡವನೂ ಅದರ ಬಗ್ಗೆ ನಾಲ್ಕೈದು ಸಾಲು ಬರೆದು ಮುಗಿಸುತ್ತಾನೆ. ಆಮೇಲೆ ಪುಟಗಟ್ಟಲೆ ಮನೆಯ ವಿಚಾರ. ಕರುವನ್ನು ಮಾರಿದಿರಾ, ಇಂಥವನಿಗೆ ಕೊಟ್ಟ ಸಾಲ ವಸೂಲಾಯಿತೇ, ಚಳಿಗಾಲಕ್ಕೆ ಸೌದೆ ಕೂಡಿಟ್ಟಿದ್ದೀರಾ, ಸಂಬಳ ಇನ್ನೂ ಬಂದಿಲ್ಲ, ಬಂದೊಡನೆ ಕಳುಹಿಸುತ್ತೇನೆ, ಮುಂದಿನ ಲಕೋಟೆಯಲ್ಲಿ ಅಂಚೆಚೀಟಿ ಇಟ್ಟು ಕಳುಹಿಸಿ, ನೀವೇಕೆ ಕಾಗದ ಬರೆಯುವುದಿಲ್ಲ ಎಂಬ ಮಾತುಗಳೇ ಮತ್ತೆ ಮತ್ತೆ ಬರುತ್ತವೆ. ಮೇಲಧಿಕಾರಿಗಳು ಕಾಗದ ಒಡೆದು ಓದಿಯಾರೆಂಬ ಭಯವೇ? ಮನೆಯವರು ಹೆದರಿಯಾರೆಂಬ ಕಾಳಜಿಯೇ? ಅಥವಾ ಪಾಳೆಯದ ಬದುಕೇ ಹಾಗಿತ್ತೇ? ಜೊತೆಗೆ ಕಾಗದವೂ ದುಡ್ಡೂ ಪಾಳೆಯದಿಂದ ಮನೆಗೆ ಯಾವ ದಾರಿಯಲ್ಲಿ ತಲುಪುತ್ತಿದ್ದವು ಎಂಬುದನ್ನೂ ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಇತಿಹಾಸದ ಮೇಷ್ಟ್ರು ಉತ್ತರಿಸಿದ್ದು:

ಒಳ್ಳೆಯ ಪ್ರಶ್ನೆ. ಮೊದಲು ನಿಮ್ಮ ಮೊದಲನೆಯ ಊಹೆಯನ್ನು ಬದಿಗಿಡೋಣ. ಆ ಯುದ್ಧದಲ್ಲಿ ಎರಡೂ ಕಡೆಯ ಸೈನಿಕರ ಕಾಗದಗಳನ್ನು ಕ್ರಮವಾಗಿ ತೆರೆದು ಪರಿಶೀಲಿಸುವ ಏರ್ಪಾಡು ಇರಲಿಲ್ಲ. ಶತ್ರುವಿನ ಸೆರೆಯಲ್ಲಿದ್ದವರು ಬರೆದ ಕಾಗದಗಳನ್ನು ಮಾತ್ರ ಓದಿ, ಅಳತೆ ಮೀರದಂತೆ ನೋಡಿ ದಾಟಿಸುತ್ತಿದ್ದರು. ಉಳಿದ ಸಿಪಾಯಿ ತನ್ನ ಜನರಲ್‌ನನ್ನು ಬೈದು ಬರೆದರೂ ಕೇಳುವವರಿರಲಿಲ್ಲ, ಹಾಗೆ ಬೈದು ಬರೆದವರೂ ಬೇಕಾದಷ್ಟು ಮಂದಿ ಇದ್ದಾರೆ.

ಪಾಳೆಯದ ಬದುಕಿನ ಕಾಲಮಾನವನ್ನು ಗಮನಿಸಿದರೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ. ಒಬ್ಬ ಸಿಪಾಯಿಯ ಮೂರು ವರ್ಷದ ಸೇವೆಯಲ್ಲಿ ನಿಜವಾದ ಕಾಳಗದ ದಿನಗಳು ಬೆರಳೆಣಿಕೆಯಷ್ಟು. ಮಿಕ್ಕದ್ದು ನಡಿಗೆ, ಪಹರೆ, ಕವಾಯತು, ಕಾಯುವುದು. ವರ್ಜೀನಿಯಾದ ಮಣ್ಣುರಸ್ತೆಗಳು ಚಳಿಗಾಲದ ಮಳೆಗೆ ಎಂಥ ಕೆಸರಾಗುತ್ತಿದ್ದವೆಂದರೆ, 1863ರ ಜನವರಿಯಲ್ಲಿ ಉತ್ತರದ ಜನರಲ್ ಬರ್ನ್‌ಸೈಡ್ ಸೈನ್ಯವನ್ನು ಹೊರಡಿಸಿ, ಫಿರಂಗಿಗಾಡಿಗಳು ಕೆಸರಿನಲ್ಲಿ ಹೂತುಹೋದ ಮೇಲೆ ಎರಡು ಮೂರು ದಿನಗಳಲ್ಲಿಯೇ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಹಾಗಾಗಿ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಸೈನ್ಯಗಳು ಒಂದೇ ಕಡೆ ತಳವೂರುತ್ತಿದ್ದವು: ಉತ್ತರದವರು 1862–63ರಲ್ಲಿ ಫ್ರೆಡೆರಿಕ್ಸ್‌ಬರ್ಗ್‌ನ ಎದುರು ದಡದ ಫಾಲ್ಮತ್‌ನಲ್ಲಿ, ಮರುವರ್ಷ ಬ್ರ್ಯಾಂಡಿ ಸ್ಟೇಷನ್‌ನ ಸುತ್ತಮುತ್ತ. ಬೇಸಿಗೆಯಲ್ಲಿ ಅವರ ಆಸರೆ ಎಂದರೆ ಇಬ್ಬರು ತಲಾ ಅರ್ಧ ಭಾಗ ಹೊತ್ತು ತಂದ ಬಟ್ಟೆಯನ್ನು ಗುಂಡಿಹಾಕಿ ಜೋಡಿಸಿದ ಪುಟ್ಟ ಡೇರೆ. ಚಳಿಗಾಲ ಬಂತೆಂದರೆ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ, ಸಂದುಗಳಿಗೆ ಮಣ್ಣು ಮೆತ್ತಿ, ಮೇಲೆ ಅದೇ ಡೇರೆಬಟ್ಟೆ ಹೊದಿಸಿ, ಕಡ್ಡಿ ಮಣ್ಣಿನ ಹೊಗೆಗೂಡು ಕಟ್ಟಿಕೊಂಡು ನಾಲ್ಕಾರು ಜನ ಒಂದು ಗುಡಿಸಲಿನಲ್ಲಿ ಇರುತ್ತಿದ್ದರು. ಹೊಗೆಗೂಡಿನ ತುದಿಗೆ ತಳ ತೆಗೆದ ಪೀಪಾಯಿ ಇಟ್ಟು, ಅದಕ್ಕೆ ಬೆಂಕಿ ಹತ್ತಿ ಇಡೀ ಬೀದಿಯೇ ಎದ್ದು ಓಡುವುದು ಆ ಕಾಲದ ನಿತ್ಯದ ಮನರಂಜನೆ.

ದಿನಚರಿಯಲ್ಲಿ ಬರೆಯುವಂಥದ್ದೇನೂ ಇರಲಿಲ್ಲ. ಬೆಳಗಿನ ತುತ್ತೂರಿ, ಹಾಜರಿ, ರೋಗಿಗಳ ಕರೆ, ಕವಾಯತು, ಊಟ, ಮತ್ತೆ ಕವಾಯತು, ಸಂಜೆಯ ಮೆರವಣಿಗೆ, ರಾತ್ರಿ ದೀಪ ಆರಿಸುವ ತುತ್ತೂರಿ. ಊಟವೆಂದರೆ ಹಿಟ್ಟು ನೀರು ಕಲಸಿ ಸುಟ್ಟ, ಹಲ್ಲಿಗೆ ಬಗ್ಗದ ಬಿಸ್ಕತ್ತು, ಉಪ್ಪು ಹಾಕಿದ ಹಂದಿಮಾಂಸ, ಹುರುಳಿಕಾಯಿಯ ಒಣಗಿದ ಬೀಜ, ಮತ್ತು ಕಾಫಿ. ಬಿಸ್ಕತ್ತನ್ನು ಬಿಸಿ ಕಾಫಿಗೆ ಹಾಕಿದರೆ ಒಳಗಿನ ಹುಳುಗಳು ತೇಲಿ ಮೇಲೆ ಬರುತ್ತಿದ್ದವು, ಅವನ್ನು ಕೆನೆ ತೆಗೆದಂತೆ ತೆಗೆದು ಕುಡಿಯುತ್ತಿದ್ದರು. ಕಾಫಿ ಬೀಜವನ್ನು ಬಂದೂಕಿನ ಹಿಂಬದಿಯಿಂದ ಕುಟ್ಟಿ ಪುಡಿ ಮಾಡಿಕೊಳ್ಳುವುದು ಅವರಿಗೆ ದಿನದ ಅತಿ ಮುಖ್ಯ ಕಾರ್ಯವಾಗಿತ್ತು ಎಂದರೆ ನಮ್ಮ ಚಿಕ್ಕಮಗಳೂರು, ಕೊಡಗಿನವರು ನಂಬುತ್ತಾರೆ ಎಂದುಕೊಂಡಿದ್ದೇನೆ. ಈ ಬದುಕಿನ ನಿಜವಾದ ಶತ್ರು ಎದುರು ದಡದಲ್ಲಿರಲಿಲ್ಲ. ಸತ್ತವರು ಸುಮಾರು 6,20,000 ಎಂಬ ಬಹುಕಾಲದ ಲೆಕ್ಕವನ್ನು ಒಪ್ಪಿದರೆ, ಅದರಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಜನ ಭೇದಿ, ವಿಷಮಶೀತಜ್ವರ, ದಡಾರ, ನ್ಯುಮೋನಿಯಾಗಳಿಂದ ಸತ್ತವರು. ಒಂಟಿ ಹೊಲಮನೆಗಳಲ್ಲಿ ಬೆಳೆದ, ಬಾಲ್ಯದಲ್ಲಿ ದಡಾರ ಬಾರದ ಹುಡುಗರು ಒಂದೇ ಕಡೆ ಗುಂಪುಗೂಡಿದ ಮೊದಲ ತಿಂಗಳುಗಳಲ್ಲಿಯೇ ಸಾಲುಸಾಲಾಗಿ ಮಲಗಿದರು.

ಇನ್ನರ್ಧ ಉತ್ತರ ಸೈನ್ಯ ಕಟ್ಟಿದ ರೀತಿಯಲ್ಲಿದೆ, ನನ್ನ ಮಟ್ಟಿಗೆ ಅದೇ ಮುಖ್ಯ. ಒಂದು ರೆಜಿಮೆಂಟಿಗೆ ಸುಮಾರು 1000 ಜನ, ಅದರಲ್ಲಿ 10 ಕಂಪನಿ, ಕಂಪನಿಗೆ 100 ಜನ. ಆ ನೂರು ಜನರನ್ನು ಬಹುಮಟ್ಟಿಗೆ ಒಂದೇ ಊರಿನಿಂದ, ಇಲ್ಲವೇ ನೆರೆಹೊರೆಯ ಹಳ್ಳಿಗಳಿಂದ ಎತ್ತುತ್ತಿದ್ದರು. ಕ್ಯಾಪ್ಟನ್ ಆದವನು ಊರಿನ ವಕೀಲನೋ ಶಾಲೆಯ ಉಪಾಧ್ಯಾಯನೋ ಆಗಿರುತ್ತಿದ್ದ, ಆರಂಭದ ವರ್ಷಗಳಲ್ಲಿ ಅವನನ್ನು ಸಿಪಾಯಿಗಳೇ ಮತ ಹಾಕಿ ಆರಿಸುತ್ತಿದ್ದರು. ಅಣ್ಣತಮ್ಮಂದಿರು, ಭಾವಮೈದುನರು, ಸಾಲ ಕೊಟ್ಟವನು, ಸಾಲ ತೆಗೆದುಕೊಂಡವನು, ಎಲ್ಲರೂ ಒಂದೇ ಸಾಲಿನಲ್ಲಿ ನಿಂತವರು. ಹೀಗಿರುವಾಗ ಒಬ್ಬನ ಕಾಗದ ಅವನ ಹೆಂಡತಿಗಷ್ಟೇ ತಲುಪುವ ಗುಟ್ಟಾಗಿರಲಿಲ್ಲ. ಊರಿನ ಅಂಗಡಿಯಲ್ಲಿ, ಚರ್ಚಿನ ಹೊಸ್ತಿಲಲ್ಲಿ ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಎಷ್ಟೋ ಸಲ ಸ್ಥಳೀಯ ಪತ್ರಿಕೆ ಅಚ್ಚು ಹಾಕುತ್ತಿತ್ತು. ಯಾರು ಧೈರ್ಯದಿಂದ ನಿಂತರು, ಯಾರು ಮರದ ಮರೆಗೆ ಸರಿದರು ಎಂಬ ಸುದ್ದಿ ವಾರದೊಳಗೆ ಊರು ಸೇರುತ್ತಿತ್ತು. ಕಾಳಗದ ದೊಡ್ಡ ಸುದ್ದಿಯನ್ನು ತಂತಿಯ ಮೂಲಕ ಪತ್ರಿಕೆಗಳು ಮೊದಲೇ ತಲುಪಿಸಿರುತ್ತಿದ್ದವು. ಕಾಗದದಿಂದ ಮನೆಯವರು ಬಯಸುತ್ತಿದ್ದದ್ದು ಎರಡೇ: ಬರೆದವನು ಬದುಕಿದ್ದಾನೆ, ಊರಿನ ಹುಡುಗರಲ್ಲಿ ಇಂಥಿಂಥವರಿಗೆ ಏನಾಯಿತು. ಅದಕ್ಕೆ ನಾಲ್ಕೈದು ಸಾಲು ಸಾಕು.

ಈ ಏರ್ಪಾಡಿನ ಭಯಂಕರ ಮುಖವೂ ಇತ್ತು. 1863ರ ಗೆಟ್ಟಿಸ್‌ಬರ್ಗ್ ಕಾಳಗದಲ್ಲಿ, ದಕ್ಷಿಣದ ಪಕ್ಷದ 26ನೆಯ ಉತ್ತರ ಕೆರೊಲಿನಾ ರೆಜಿಮೆಂಟಿನ ಎಫ್ ಕಂಪನಿ, ಅಂದರೆ ಕಾಲ್ಡ್‌ವೆಲ್ ಕೌಂಟಿಯ ತೊಂಬತ್ತರಷ್ಟು ಗಂಡಸರು, ಬಹುತೇಕ ಪೂರ್ತಿಯಾಗಿ ಸತ್ತರು ಇಲ್ಲವೇ ಗಾಯಗೊಂಡರು. ಒಂದು ಮಧ್ಯಾಹ್ನದ ಗುಂಡಿನ ಸುರಿಮಳೆ ಒಂದು ಸೀಮೆಯ ಅಷ್ಟೂ ಮನೆಗಳ ಮೇಲೆ ಸುರಿದ ಹಾಗಾಯಿತು.

ದಂಡುಪ್ರದೇಶ ಉತ್ತರಿಸಿದ್ದು:

ಮೇಷ್ಟ್ರ ಮಾತಿಗೆ ಒಂದು ಸಣ್ಣ ಹೋಲಿಕೆ. ಅದೇ ಶತಮಾನದಲ್ಲಿ ನಮ್ಮ ಬೆಂಗಳೂರು ದಂಡಿನಲ್ಲಿದ್ದ ಮದ್ರಾಸ್ ಸೇನೆಯ ದೇಶೀ ಸಿಪಾಯಿಗಳ ಹೆಂಡತಿ ಮಕ್ಕಳು ರೆಜಿಮೆಂಟಿನ ಲೈನುಗಳಲ್ಲಿಯೇ ವಾಸವಾಗಿದ್ದು, ಪಡೆ ಬೇರೊಂದು ಊರಿಗೆ ವರ್ಗವಾದರೆ ಅದರ ಹಿಂದೆಯೇ ಗಂಟುಮೂಟೆ ಕಟ್ಟಿ ಹೊರಡುತ್ತಿದ್ದರು. ಬರ್ಮಾ, ಚೀನಾ ಎಂದು ಹಡಗು ಹತ್ತಿದಾಗ ಮಾತ್ರ ಸಂಸಾರ ಹಿಂದೆ ಉಳಿಯುತ್ತಿತ್ತು. ಅಮೆರಿಕದ ಸ್ವಯಂಸೈನಿಕನಿಗೆ ಸಿಪಾಯಿತನ ವೃತ್ತಿಯಾಗಿರಲಿಲ್ಲ. ಬಿಟ್ಟು ಬಂದ ಹೊಲವೇ ಅವನ ವೃತ್ತಿ. ಆದ್ದರಿಂದ ಅವನು ಪಾಳೆಯದಲ್ಲಿ ಕುಳಿತೂ ಹೊಲದ ಯಜಮಾನಿಕೆ ನಡೆಸಲು ಹೆಣಗುತ್ತಿದ್ದ ಎಂದು ನನಗೆ ತೋರುತ್ತದೆ.

ಹಳೆಯ ಅಂಚೆಚೀಟಿ ಉತ್ತರಿಸಿದ್ದು:

ನಾನು ಅಂಚೆಚೀಟಿ, ಲಕೋಟೆಗಳನ್ನು ಸಂಗ್ರಹಿಸುವವನಾದ್ದರಿಂದ ದಾರಿಯ ವಿಷಯ ಹೇಳುತ್ತೇನೆ. ಉತ್ತರದ ರಾಜ್ಯಗಳಲ್ಲಿ ಅರ್ಧ ಔನ್ಸ್ ತೂಕದ ಕಾಗದಕ್ಕೆ 3 ಸೆಂಟ್ ದರವಿತ್ತು. ಸಾಮಾನ್ಯ ಸಿಪಾಯಿಯ ತಿಂಗಳ ಸಂಬಳ 13 ಡಾಲರ್, 1864ರಲ್ಲಿ ಅದು 16 ಆಯಿತು. ಮೂರು ಸೆಂಟು ದುಬಾರಿಯೇನಲ್ಲ. ತೊಂದರೆ ಇದ್ದದ್ದು ಚೀಟಿ ಸಿಗುವುದರಲ್ಲಿ. ಸಿಕ್ಕ ಚೀಟಿಗಳು ಮಳೆಗೂ ಬೆವರಿಗೂ ಚೀಲದೊಳಗೆ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತಿದ್ದವು. 1862ರ ವೇಳೆಗೆ ಚಿಲ್ಲರೆ ನಾಣ್ಯಗಳು ಚಲಾವಣೆಯಿಂದಲೇ ಮಾಯವಾದಾಗ ಜನ ಅಂಚೆಚೀಟಿಯನ್ನೇ ಚಿಲ್ಲರೆಯಾಗಿ ಬಳಸತೊಡಗಿದ್ದರಿಂದ ಅಭಾವ ಇನ್ನೂ ಹೆಚ್ಚಿತು. ನೀವು ಗಮನಿಸಿದ ‘ಚೀಟಿ ಇಟ್ಟು ಕಳುಹಿಸಿ’ ಎಂಬ ಗೋಗರೆತದ ಹಿನ್ನೆಲೆ ಇದು.

ಇದಕ್ಕೆ ಸರ್ಕಾರ 1861ರ ಜುಲೈಯಲ್ಲಿಯೇ ಒಂದು ಪರಿಹಾರ ಮಾಡಿತ್ತು. ಲಕೋಟೆಯ ಮೇಲೆ ‘ಸೈನಿಕನ ಕಾಗದ’ ಎಂದು ಬರೆದು, ರೆಜಿಮೆಂಟಿನ ಅಧಿಕಾರಿಯೊಬ್ಬ ರುಜು ಹಾಕಿದರೆ ಚೀಟಿಯಿಲ್ಲದೆಯೂ ಕಾಗದ ಹೋಗುತ್ತಿತ್ತು. ಆ ಮೂರು ಸೆಂಟನ್ನು ತಲುಪಿದ ಕಡೆ ವಸೂಲು ಮಾಡುತ್ತಿದ್ದರು. ದಕ್ಷಿಣದವರಿಗೂ ಇಂಥದೇ ಸೌಲಭ್ಯವಿತ್ತು, ಆದರೆ ಅಲ್ಲಿನ ದರ 1862ರ ಜುಲೈಯಿಂದ ಎಲ್ಲ ದೂರಕ್ಕೂ 10 ಸೆಂಟ್. ರೆಜಿಮೆಂಟಿನ ಅಂಚೆಯ ಚೀಲವನ್ನು ನೋಡಿಕೊಳ್ಳುವ ಕೆಲಸ ಅನೇಕ ಕಡೆ ಪಾದ್ರಿಯ ಪಾಲಿಗೆ ಬರುತ್ತಿತ್ತು. ಕ್ರಿಶ್ಚಿಯನ್ ಕಮಿಷನ್, ಸ್ಯಾನಿಟರಿ ಕಮಿಷನ್ ಎಂಬ ಎರಡು ಸ್ವಯಂಸೇವಾ ಸಂಸ್ಥೆಗಳು ಕಾಗದ, ಲಕೋಟೆಗಳನ್ನು ಉಚಿತವಾಗಿ ಹಂಚುತ್ತಿದ್ದವು. ಹಳ್ಳಿಗಳಲ್ಲಿ ಮನೆಬಾಗಿಲಿಗೆ ಅಂಚೆ ಬರುತ್ತಿರಲಿಲ್ಲ, ಅಂಚೆಕಚೇರಿಯಿದ್ದ ಅಂಗಡಿಗೆ ಹೋಗಿ ಕಾಯಬೇಕಿತ್ತು. ದೊಡ್ಡ ನಗರಗಳಲ್ಲಿ ಬಾಗಿಲಿಗೆ ಉಚಿತ ಬಟವಾಡೆ ಆರಂಭವಾದದ್ದು 1863ರ ಜುಲೈ 1ರಂದು, ಅಂದರೆ ಗೆಟ್ಟಿಸ್‌ಬರ್ಗ್ ಕಾಳಗದ ಮೊದಲ ದಿನವೇ.

ದುಡ್ಡಿನ ವಿಷಯ ಇದಕ್ಕಿಂತ ಜಟಿಲವಾಗಿತ್ತು. ನಿಯಮದಂತೆ ಎರಡು ತಿಂಗಳಿಗೊಮ್ಮೆ ಬರಬೇಕಿದ್ದ ಸಂಬಳ ನಾಲ್ಕು, ಆರು ತಿಂಗಳು ತಡವಾಗುತ್ತಿತ್ತು. ಬಂದ ದಿನವೇ ಪಾಳೆಯದ ಅಂಗಡಿಯವನ ಬಾಕಿ ಕಳೆದು, ಇಸ್ಪೀಟಿನಲ್ಲಿ ಒಂದಷ್ಟು ಕರಗಿ, ಉಳಿದದ್ದನ್ನು ಮನೆಗೆ ಕಳುಹಿಸಬೇಕು. ನೋಟನ್ನು ಲಕೋಟೆಯಲ್ಲಿಟ್ಟರೆ ದಾರಿಯಲ್ಲಿ ಕಳೆಯಬಹುದು. ಆಡಮ್ಸ್ ಎಕ್ಸ್‌ಪ್ರೆಸ್ ಕಂಪನಿಗೆ ಒಪ್ಪಿಸಿದರೆ ಶುಲ್ಕ. ಊರಿಗೆ ರಜೆಯ ಮೇಲೆ ಹೋಗುವ ಗೆಳೆಯನ ಕೈಗೆ ಕೊಟ್ಟರೆ ಅವನ ಪ್ರಾಮಾಣಿಕತೆಯ ಮೇಲೆ ಭಾರ. 1861ರ ಕೊನೆಯಲ್ಲಿ ಬಂದ ಒಂದು ಕಾನೂನು, ಸಿಪಾಯಿ ಒಪ್ಪಿದರೆ ಸಂಬಳದ ಗೊತ್ತಾದ ಪಾಲನ್ನು ನೇರವಾಗಿ ಮನೆಯವರಿಗೆ ಸೇರಿಸುವ ಏರ್ಪಾಡು ಮಾಡಿತು. ಇದಕ್ಕಾಗಿ ಪಾಳೆಯದಿಂದ ಪಾಳೆಯಕ್ಕೆ ಕುದುರೆಯೇರಿ ಅಲೆದು ಸಿಪಾಯಿಗಳನ್ನು ಒಪ್ಪಿಸಿದ ನ್ಯೂಯಾರ್ಕಿನ ಪ್ರತಿನಿಧಿಗಳಲ್ಲಿ ಮುಂದೆ ಅಧ್ಯಕ್ಷನಾದ ಥಿಯೋಡೋರ್ ರೂಸ್‌ವೆಲ್ಟ್‌ನ ತಂದೆಯೂ ಒಬ್ಬ. ಪಾಳೆಯದ ಅಂಗಡಿಕಾರರು ಈ ಏರ್ಪಾಡನ್ನು ಎಷ್ಟು ದ್ವೇಷಿಸಿರಬೇಕೆಂದು ಊಹಿಸಬಹುದು. ಅಂಚೆ ಇಲಾಖೆಯ ಮನಿ ಆರ್ಡರ್ 1864ರ ನವೆಂಬರಿನಲ್ಲಿ ಆರಂಭವಾದದ್ದೂ ಬಹುಮಟ್ಟಿಗೆ ಸೈನಿಕರ ಈ ತೊಂದರೆಯಿಂದಾಗಿಯೇ, ಆದರೆ ಆಗ ಯುದ್ಧ ಮುಗಿಯಲು ಆರು ತಿಂಗಳೂ ಉಳಿದಿರಲಿಲ್ಲ.

ಇನ್ನು ಎದುರು ದಿಕ್ಕಿನಲ್ಲಿ, ಮನೆಯಿಂದ ಪಾಳೆಯಕ್ಕೆ, ಮರದ ಪೆಟ್ಟಿಗೆಗಳು ಬರುತ್ತಿದ್ದವು: ಬೆಣ್ಣೆ, ಉಪ್ಪಿನಕಾಯಿ, ಒಣಗಿಸಿದ ಸೇಬು, ಉಣ್ಣೆಯ ಕಾಲುಚೀಲ. ಹುರಿದ ಕೋಳಿಯ ಹೊಟ್ಟೆಯೊಳಗೆ ವಿಸ್ಕಿ ಬಾಟಲಿ ಅಡಗಿಸಿ ಕಳುಹಿಸುವ ತಾಯಂದಿರೂ ಇದ್ದುದರಿಂದ ಅಧಿಕಾರಿಗಳು ಪೆಟ್ಟಿಗೆ ಒಡೆಸಿ ನೋಡುತ್ತಿದ್ದರು. ಅವರು ಕಾಗದ ಒಡೆಯಲಿಲ್ಲ, ಪೆಟ್ಟಿಗೆ ಒಡೆದರು.

ರಿಚ್‌ಮಂಡ್ ಕನ್ನಡಿಗ ಬರೆದದ್ದು:

ಎಲ್ಲರಿಗೂ ಧನ್ಯವಾದಗಳು. ಮೇಷ್ಟ್ರ ವಿವರಣೆ ಉತ್ತರದ ಹಳ್ಳಿಗಳ ಬಿಳಿಯ ಸ್ವಯಂಸೈನಿಕರಿಗೆ ಚೆನ್ನಾಗಿ ಹೊಂದುತ್ತದೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಸೈನ್ಯ ಸೇರಿದವರಿಗೆ ‘ಮನೆ’ ಎಂದರೆ ಏನಾಗಿತ್ತು? ಅವರಲ್ಲಿ ಬಹಳ ಜನರಿಗೆ ಓದುಬರಹ ಕಲಿಯಲು ಬಿಟ್ಟಿರಲಿಲ್ಲವಲ್ಲ. ದಕ್ಷಿಣದ ಸಿಪಾಯಿಗಳ ಸ್ಥಿತಿಯನ್ನೂ ಯಾರಾದರೂ ವಿವರಿಸಬಹುದೇ?

ನದಿಯಾಚೆ ಉತ್ತರಿಸಿದ್ದು:

ಉತ್ತರದ ಸೈನ್ಯದಲ್ಲಿ ಸುಮಾರು 1,80,000 ಕಪ್ಪು ಜನಾಂಗದ ಸಿಪಾಯಿಗಳು ಸೇವೆ ಸಲ್ಲಿಸಿದರು. ಅವರಲ್ಲಿ ಹೆಚ್ಚಿನವರು ಗುಲಾಮಗಿರಿಯಲ್ಲಿದ್ದವರು. ಅವರ ಮನೆಯ ನಂಟನ್ನು ಮೇಲಿನ ಯಾವ ಮಾತಿನಿಂದಲೂ ಅಳೆಯಲಾಗದು, ಏಕೆಂದರೆ ಅವರ ಹೆಂಡತಿ ಮಕ್ಕಳು ಕಾನೂನಿನ ಕಣ್ಣಿನಲ್ಲಿ ಇನ್ನೊಬ್ಬನ ಆಸ್ತಿ. 1863ರ ವಿಮೋಚನೆಯ ಘೋಷಣೆ ಅನ್ವಯಿಸುತ್ತಿದ್ದದ್ದು ಬಂಡೆದ್ದ ಪ್ರದೇಶಗಳಿಗೆ ಮಾತ್ರ. ಉತ್ತರದ ಜೊತೆಗೇ ಉಳಿದಿದ್ದ ಕೆಂಟಕಿ, ಮಿಸೌರಿಗಳಲ್ಲಿ ಗುಲಾಮಗಿರಿ ಹಾಗೆಯೇ ಇತ್ತು. ಸೈನ್ಯ ಸೇರಿದ ಗಂಡಸು ಸ್ವತಂತ್ರನಾದ, ಅವನ ಹೆಂಡತಿ ಒಡೆಯನ ಮನೆಯಲ್ಲಿ ಅದೇ ಕಾರಣಕ್ಕೆ ಏಟು ತಿಂದಳು.

ಸ್ಪಾಟ್ಸ್‌ವುಡ್ ರೈಸ್ ಎಂಬ ಮಿಸೌರಿಯ ಸಿಪಾಯಿ 1864ರ ಸೆಪ್ಟೆಂಬರಿನಲ್ಲಿ ಸೇಂಟ್ ಲೂಯಿಯ ಸೈನಿಕ ಆಸ್ಪತ್ರೆಯಿಂದ ಎರಡು ಕಾಗದ ಬರೆದ. ಒಂದು ಗುಲಾಮಗಿರಿಯಲ್ಲಿಯೇ ಉಳಿದಿದ್ದ ತನ್ನ ಹೆಣ್ಣುಮಕ್ಕಳಿಗೆ, ಇನ್ನೊಂದು ಅವರಲ್ಲಿ ಒಬ್ಬಳ ಒಡತಿಗೆ. ಮಗಳನ್ನು ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಕಾಲ ಮುಗಿಯಿತು, ಸೈನ್ಯದೊಡನೆ ಬರುತ್ತಿದ್ದೇನೆ, ಅವಳನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ನಿನಗಿಲ್ಲ ಎಂಬುದು ಆ ಎರಡನೆಯ ಕಾಗದದ ತಾತ್ಪರ್ಯ. ಪಾಳೆಯದಿಂದ ಮನೆಗೆ ಬರೆದ ಕಾಗದಗಳಲ್ಲಿ ಕರು, ಸೌದೆಗಳ ಮಾತು ಓದಿದವರು ಇದನ್ನೂ ಓದಬೇಕು.

ಕೆಂಟಕಿಯ ಕ್ಯಾಂಪ್ ನೆಲ್ಸನ್‌ನಲ್ಲಿ ಸಿಪಾಯಿಗಳ ಹೆಂಡತಿ ಮಕ್ಕಳು ಗಂಡಂದಿರ ಹಿಂದೆಯೇ ಬಂದು ಪಾಳೆಯದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದರು. 1864ರ ನವೆಂಬರಿನ ಕಡುಚಳಿಯಲ್ಲಿ ಅಲ್ಲಿನ ಸೇನಾಧಿಕಾರಿ ಸುಮಾರು 400 ಹೆಂಗಸರು ಮಕ್ಕಳನ್ನು ಗಾಡಿಗಳಲ್ಲಿ ತುಂಬಿಸಿ ಹೊರಗಟ್ಟಿಸಿದ, ಗುಡಿಸಲುಗಳನ್ನು ಕೆಡವಿಸಿದ. ಅವರಲ್ಲಿ 102 ಮಂದಿ ಸತ್ತರು. ಸಿಪಾಯಿಗಳು ಪ್ರಮಾಣ ಮಾಡಿ ಬರೆಸಿದ ಹೇಳಿಕೆಗಳು ವಾಷಿಂಗ್ಟನ್ ತಲುಪಿ ಗದ್ದಲವಾದ ಮೇಲೆ ಆದೇಶ ತಿರುಗಿತು. ಕಪ್ಪು ಸಿಪಾಯಿಗಳ ಹೆಂಡತಿ ಮಕ್ಕಳೆಲ್ಲ ಸ್ವತಂತ್ರರು ಎಂಬ ಕಾನೂನು 1865ರ ಮಾರ್ಚ್ 3ರಂದು ಬರುವುದಕ್ಕೆ ಈ ಘಟನೆ ಒಂದು ಮುಖ್ಯ ಕಾರಣ.

ಸಂಬಳದ ವಿಷಯದಲ್ಲಿಯೂ ಭೇದವಿತ್ತು. ಬಿಳಿಯರಿಗೆ 13 ಡಾಲರ್ ಮತ್ತು ಬಟ್ಟೆ. ಇವರಿಗೆ 10 ಡಾಲರ್, ಅದರಲ್ಲಿಯೂ ಬಟ್ಟೆಗೆಂದು 3 ಡಾಲರ್ ಕಡಿತ. 54ನೆಯ ಮ್ಯಾಸಚೂಸೆಟ್ಸ್ ರೆಜಿಮೆಂಟಿನವರು ಈ ಸಂಬಳವನ್ನು ಮುಟ್ಟುವುದೇ ಇಲ್ಲವೆಂದು ತಿಂಗಳುಗಟ್ಟಲೆ ನಿರಾಕರಿಸಿದರು. ಕೊರತೆಯನ್ನು ರಾಜ್ಯ ಸರ್ಕಾರ ತುಂಬಿಕೊಡುತ್ತೇನೆಂದರೂ ಒಪ್ಪಲಿಲ್ಲ. ಆ ಹಟದ ಬೆಲೆಯನ್ನು ಮನೆಯಲ್ಲಿ ಹಸಿದ ಹೆಂಗಸರೂ ಮಕ್ಕಳೂ ತೆತ್ತರು. ಅದೇ ರೆಜಿಮೆಂಟಿನ ಕಾರ್ಪೊರಲ್ ಜೇಮ್ಸ್ ಹೆನ್ರಿ ಗುಡಿಂಗ್ ತನ್ನ ಊರಾದ ನ್ಯೂ ಬೆಡ್‌ಫರ್ಡ್‌ನ ಪತ್ರಿಕೆಗೆ ಪಾಳೆಯದಿಂದ ನಿಯಮಿತವಾಗಿ ಬರೆಯುತ್ತಿದ್ದವನು. 1863ರ ಸೆಪ್ಟೆಂಬರಿನಲ್ಲಿ ನೇರವಾಗಿ ಅಧ್ಯಕ್ಷ ಲಿಂಕನ್‌ಗೇ ಬರೆದು, ನಾವು ಸಿಪಾಯಿಗಳೋ ಕೂಲಿಗಳೋ ಎಂದು ಕೇಳಿದ. ಸಮಾನ ಸಂಬಳದ ಕಾನೂನು 1864ರ ಜೂನಿನಲ್ಲಿ ಬಂತು. ಗುಡಿಂಗ್ ಆಗ ದಕ್ಷಿಣದವರ ಆಂಡರ್ಸನ್‌ವಿಲ್‌ನ ಸೆರೆಯಲ್ಲಿದ್ದ, ಜುಲೈಯಲ್ಲಿ ಅಲ್ಲಿಯೇ ತೀರಿಕೊಂಡ.

ಓದುಬರಹದ ಬಗ್ಗೆ ಹೇಳುವುದಾದರೆ, ಬರೆಯಲು ಬಾರದವರು ಜೊತೆಗಾರನಿಂದಲೋ ಪಾದ್ರಿಯಿಂದಲೋ ಬರೆಸುತ್ತಿದ್ದರು. ಅನೇಕ ಕಪ್ಪು ರೆಜಿಮೆಂಟುಗಳಲ್ಲಿ ಪಾಳೆಯವೇ ಶಾಲೆಯಾಯಿತು. ಪಹರೆಯ ಸರದಿ ಮುಗಿಸಿ ಬಂದವರು ಅಕ್ಷರಮಾಲೆಯ ಪುಸ್ತಕ ಹಿಡಿದು ಕೂರುತ್ತಿದ್ದರು.

ಹತ್ತಿಯ ಹೊಲ ಉತ್ತರಿಸಿದ್ದು:

ದಕ್ಷಿಣದ ವಿಷಯದಲ್ಲಿ ಮೇಷ್ಟ್ರ ಅಭಿಪ್ರಾಯಕ್ಕೆ ನನ್ನದೊಂದು ಆಕ್ಷೇಪವಿದೆ. ಊರಿನ ಕಣ್ಣು ಸಿಪಾಯಿಯನ್ನು ಸಾಲಿನಲ್ಲಿ ನಿಲ್ಲಿಸಿತು ಎಂಬುದು ಯುದ್ಧದ ಮೊದಲ ಎರಡು ವರ್ಷಗಳ ಮಟ್ಟಿಗೆ ಸರಿ. ಆಮೇಲೆ ಅದೇ ಊರು, ಅದೇ ಮನೆ, ಅವನನ್ನು ಸಾಲಿನಿಂದ ಹೊರಕ್ಕೆ ಎಳೆಯಿತು.

ಉತ್ತರದ ನೌಕಾಪಡೆ ದಕ್ಷಿಣದ ರೇವುಗಳನ್ನು ಮುಚ್ಚಿದ್ದರಿಂದ ಅಲ್ಲಿಯ ಹತ್ತಿ ಹೊರಹೋಗಲಿಲ್ಲ, ಕಾಫಿ, ಉಪ್ಪು, ಕಾಗದ ಒಳಬರಲಿಲ್ಲ. ಅದೇ ದಿಗ್ಬಂಧನದಿಂದ ಮ್ಯಾಂಚೆಸ್ಟರಿನ ಗಿರಣಿಗಳು ಹತ್ತಿಗಾಗಿ ಮುಂಬಯಿಯ ಕಡೆ ತಿರುಗಿ, ನಮ್ಮ ಧಾರವಾಡ ಸೀಮೆಯ ರೈತರು ಕೆಲವು ವರ್ಷ ಹಿಂದೆಂದೂ ಕಾಣದ ಬೆಲೆ ಕಂಡರು. ಒಂದು ಸೀಮೆಯ ಹಸಿವು ಇನ್ನೊಂದು ಸೀಮೆಯ ಸುಗ್ಗಿಯಾದದ್ದು ಹೀಗೆ. ಅಲ್ಲಿ ಸಿಪಾಯಿಗಳು ಹುರಿದ ರೈ ಧಾನ್ಯ, ಗೆಣಸಿನ ಚೂರುಗಳನ್ನು ಕಾಫಿಯೆಂದು ಕುದಿಸಿಕೊಂಡರು. ಬಂದ ಲಕೋಟೆಯನ್ನು ಬಿಚ್ಚಿ ಒಳಗಿನದನ್ನು ಹೊರಮಾಡಿ ಮತ್ತೆ ಅಂಟಿಸಿದರು. ಗೋಡೆಗೆ ಹಚ್ಚುವ ಬಣ್ಣದ ಕಾಗದದಿಂದಲೂ ಲಕೋಟೆ ಮಾಡಿದರು. ಒಂದೇ ಹಾಳೆಯಲ್ಲಿ ಮೊದಲು ಅಡ್ಡಲಾಗಿ, ಅದರ ಮೇಲೆಯೇ ಉದ್ದಕ್ಕೆ ಬರೆದ ಕಾಗದಗಳನ್ನು ನೀವು ನೋಡಿಯೇ ಇರುತ್ತೀರಿ.

ದಕ್ಷಿಣದ ಸಿಪಾಯಿಯ ತಿಂಗಳ ಸಂಬಳ 11 ಡಾಲರ್. 1864ರ ಆರಂಭಕ್ಕೆ ರಿಚ್‌ಮಂಡಿನಲ್ಲಿ ಒಂದು ಪೀಪಾಯಿ ಹಿಟ್ಟಿನ ಬೆಲೆ ಅಲ್ಲಿನ ನೋಟಿನಲ್ಲಿ 200 ಡಾಲರ್ ದಾಟಿತ್ತು. ಅಷ್ಟಲ್ಲದೆ 1863ರಿಂದ ಬೆಳೆಯ ಹತ್ತನೆಯ ಒಂದು ಪಾಲನ್ನು ಸರ್ಕಾರವೇ ತೆರಿಗೆಯಾಗಿ ಒಯ್ಯತೊಡಗಿತು. ಅದೇ ವರ್ಷದ ಏಪ್ರಿಲ್ 2ರಂದು ನೀವು ವಾಸವಾಗಿರುವ ಊರಿನ ಬೀದಿಗಳಲ್ಲಿಯೇ ಹಸಿದ ಹೆಂಗಸರು ಅಂಗಡಿಗಳನ್ನು ಒಡೆದರು. ಇಂಥ ಸ್ಥಿತಿಯಲ್ಲಿ ಹೆಂಡತಿ ಬರೆದ ಕಾಗದ ಪಾಳೆಯಕ್ಕೆ ಬಂದರೆ ಗಂಡ ಏನು ಮಾಡಬೇಕು? ಪತ್ರಿಕೆಗಳು ಹೆಂಗಸರಿಗೆ, ಸೈನಿಕರಿಗೆ ಸಂತೋಷದ ಕಾಗದಗಳನ್ನೇ ಬರೆಯಿರಿ ಎಂದು ಬುದ್ಧಿ ಹೇಳುತ್ತಲೇ ಇದ್ದವು. ಅವರು ಬರೆಯಲಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ. 1865ರ ಫೆಬ್ರವರಿಯಲ್ಲಿ ದಕ್ಷಿಣದ ಸೇನಾಪತಿ ಜನರಲ್ ರಾಬರ್ಟ್ ಲೀ ಉತ್ತರ ಕೆರೊಲಿನಾದ ಗವರ್ನರ್ ಜೆಬುಲಾನ್ ವ್ಯಾನ್ಸ್‌ಗೆ ಬರೆದಾಗ, ಪಡೆ ಬಿಟ್ಟು ಓಡುತ್ತಿರುವವರ ಮೇಲೆ ಊರಿನಿಂದ ಬರುವ ಮಾತುಗಳ ಪ್ರಭಾವ ಬಹಳವಾಗಿದೆ ಎಂದು ದೂರಿದ. ಲೀಯವರ ಸೈನ್ಯವನ್ನು ಉತ್ತರದ ಜನರಲ್ ಗ್ರಾಂಟ್ ಒಬ್ಬನೇ ಸೋಲಿಸಲಿಲ್ಲ ಎಂದು ನಾನು ಹೇಳುವುದು ಇದಕ್ಕಾಗಿ.

ಇತಿಹಾಸದ ಮೇಷ್ಟ್ರು ಉತ್ತರಿಸಿದ್ದು:

ಹತ್ತಿಯ ಹೊಲದವರ ಆಕ್ಷೇಪ ದಕ್ಷಿಣಕ್ಕೆ ಸಲ್ಲುತ್ತದೆ, ಆದರೆ ಉತ್ತರದ ಕಡೆ ಮನೆಯ ಸೆಳೆತವನ್ನೇ ಸೈನ್ಯ ಬುದ್ಧಿವಂತಿಕೆಯಿಂದ ಬಳಸಿಕೊಂಡದ್ದನ್ನೂ ಗಮನಿಸಬೇಕು. 1863ರ ಆರಂಭದಲ್ಲಿ ಜನರಲ್ ಹುಕರ್ ಅಧಿಕಾರ ವಹಿಸಿಕೊಂಡಾಗ ಫಾಲ್ಮತ್‌ನ ಪಾಳೆಯದಿಂದ ಜನ ಗುಂಪುಗುಂಪಾಗಿ ಓಡಿಹೋಗುತ್ತಿದ್ದರು. ಅವನು ಮೊದಲು ಮಾಡಿದ್ದು ವಾರಕ್ಕೆ ನಾಲ್ಕು ದಿನ ಮೆತ್ತನೆಯ ಬ್ರೆಡ್, ಎರಡು ದಿನ ಈರುಳ್ಳಿ ಅಥವಾ ಆಲೂಗಡ್ಡೆ ಕೊಡಿಸಿದ್ದು, ಮತ್ತು ಸರದಿಯ ಮೇಲೆ ಊರಿಗೆ ರಜೆ ಕೊಟ್ಟದ್ದು. ಓಡಿಹೋಗುವುದು ತಗ್ಗಿತು. 1864ರಲ್ಲಿ ಮೂರು ವರ್ಷದ ಕರಾರು ಮುಗಿಯಲಿದ್ದ ಹಳೆಯ ಸಿಪಾಯಿಗಳು ಮತ್ತೆ ಸೇರಿದರೆ 400 ಡಾಲರ್ ಇನಾಮಿನ ಜೊತೆಗೆ 30 ದಿನಗಳ ರಜೆಯೆಂದು ಸರ್ಕಾರ ಘೋಷಿಸಿದಾಗ ಸುಮಾರು 1,36,000 ಜನ ಮತ್ತೆ ಹೆಸರು ಬರೆಸಿದರು. ಆ ರಜೆಯ ತೂಕ ಇನಾಮಿಗಿಂತ ಹೆಚ್ಚಾಗಿತ್ತು ಎಂಬುದು ನನ್ನ ಅಭಿಪ್ರಾಯ. ಒಂದು ತಿಂಗಳು ಹೆಂಡತಿ ಮಕ್ಕಳನ್ನು ನೋಡುವುದಕ್ಕಾಗಿ ಮೂರು ವರ್ಷವನ್ನು ಒತ್ತೆಯಿಟ್ಟವರು ಅವರು, ಮುಂದಿನ ತಿಂಗಳುಗಳಲ್ಲಿ ವರ್ಜೀನಿಯಾದ ಕಾಳಗಗಳಲ್ಲಿ ಸತ್ತವರಲ್ಲಿ ಅವರೂ ಅನೇಕರು.

ದಾಖಲೆ ಕೋಣೆ ಉತ್ತರಿಸಿದ್ದು:

ಪ್ರಶ್ನೆ ಕೇಳಿದವರು ದುಡ್ಡಿನ ಮಾತೇ ಏಕೆ ಇಷ್ಟು ಹೆಚ್ಚು ಎಂದು ಕೇಳಿದ್ದಾರೆ. ಎಲ್ಲರೂ ಸಿಪಾಯಿಯ ಮನಸ್ಸಿನೊಳಗೆ ಕಾರಣ ಹುಡುಕಿದ್ದೀರಿ. ನಾನು ಕಾಗದ ಉಳಿದುಬಂದ ದಾರಿಯನ್ನು ತೋರಿಸಬಯಸುತ್ತೇನೆ.

1862ರ ಜುಲೈ 14ರ ಪಿಂಚಣಿ ಕಾನೂನಿನಂತೆ ಸತ್ತ ಸಾಮಾನ್ಯ ಸಿಪಾಯಿಯ ವಿಧವೆಗೆ ತಿಂಗಳಿಗೆ 8 ಡಾಲರ್ ಸಿಗುತ್ತಿತ್ತು. ವಿಧವೆ ಇಲ್ಲದಿದ್ದರೆ ಅವನನ್ನೇ ನೆಚ್ಚಿಕೊಂಡಿದ್ದ ತಾಯಿಯೂ ಅರ್ಜಿ ಹಾಕಬಹುದಿತ್ತು. ವಿಧವೆ ತನ್ನ ಮದುವೆಯನ್ನು ರುಜುವಾತು ಮಾಡಬೇಕು. ತಾಯಿಯಾದರೋ, ಮಗ ತನ್ನನ್ನು ಸಾಕುತ್ತಿದ್ದನೆಂದು ರುಜುವಾತು ಮಾಡಬೇಕು. ಬಡ ಹೆಂಗಸಿನ ಹತ್ತಿರ ಅದಕ್ಕೆ ಇನ್ನಾವ ದಾಖಲೆ ಇದ್ದೀತು? ಮಗ ಪಾಳೆಯದಿಂದ ಬರೆದ, ‘ಇದರೊಡನೆ ಹತ್ತು ಡಾಲರ್ ಇಟ್ಟಿದ್ದೇನೆ, ಬಾಡಿಗೆ ಕಟ್ಟು’ ಎಂಬಂಥ ಸಾಲುಗಳಿದ್ದ ಕಾಗದಗಳನ್ನೇ ತಾಯಂದಿರು ಅರ್ಜಿಗೆ ಲಗತ್ತಿಸಿದರು. ಪಿಂಚಣಿ ಕಚೇರಿಯ ಕಡತಕ್ಕೆ ಸೇರಿದ ಅಂಥ ಮೂಲ ಕಾಗದಗಳು ಇಂದಿಗೂ ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ತಾಯಿಯ ಬಳಿ ಮಗನ ನೆನಪಿಗೆ ಉಳಿದಿದ್ದ ಕಾಗದವೂ ಹೋಯಿತು, ಪಿಂಚಣಿ ಬಂತು.

ಆದ್ದರಿಂದ ನೀವು ಓದುತ್ತಿರುವ ಪ್ರತಿಗಳು ಪಿಂಚಣಿ ಕಡತಗಳಿಂದ ಬಂದವೇ, ಮನೆತನಗಳು ಕಾಪಾಡಿ ದಾನ ಕೊಟ್ಟ ಕಟ್ಟುಗಳಿಂದ ಬಂದವೇ ಎಂಬುದನ್ನು ಮೊದಲು ನೋಡಿಕೊಳ್ಳಿ. ಮೊದಲನೆಯದಾದರೆ ದುಡ್ಡಿನ ಮಾತಿರುವ ಕಾಗದಗಳೇ ಆಯ್ದು ಉಳಿದಿವೆ. ಎರಡನೆಯದಾದರೆ ಮಕ್ಕಳು ಮೊಮ್ಮಕ್ಕಳು ನಾಚಿಕೆಯೆನಿಸಿದ್ದನ್ನು ಸುಟ್ಟು, ಹೆಮ್ಮೆಯೆನಿಸಿದ್ದನ್ನು ಉಳಿಸಿರುವ ಸಾಧ್ಯತೆ ಇದೆ. ಇನ್ನೊಂದು ಕಡೆಯ ಧ್ವನಿ, ಅಂದರೆ ಮನೆಯಿಂದ ಪಾಳೆಯಕ್ಕೆ ಹೋದ ಹೆಂಗಸರ ಕಾಗದಗಳು, ಬಹಳ ಕಡಿಮೆ ಉಳಿದಿವೆ. ಸಿಪಾಯಿಯ ಚೀಲದಲ್ಲಿ ಜಾಗವಿರಲಿಲ್ಲ, ಮಳೆಗೆ ನೆನೆದವು, ಶತ್ರುವಿನ ಕೈಗೆ ಸಿಕ್ಕದಿರಲೆಂದು ಕಾಳಗದ ಮುನ್ನಾದಿನ ಎಷ್ಟೋ ಜನ ತಾವೇ ಸುಟ್ಟರು.

ಚೀಲದಲ್ಲಿ ಉಳಿಸಿಕೊಳ್ಳುತ್ತಿದ್ದದ್ದು ಭಾವಚಿತ್ರವನ್ನು. ಗೆಟ್ಟಿಸ್‌ಬರ್ಗ್‌ನಲ್ಲಿ ಹೆಸರು ತಿಳಿಯದ ಒಬ್ಬ ಉತ್ತರದ ಸಾರ್ಜೆಂಟನ ಹೆಣದ ಕೈಯಲ್ಲಿ ಮೂರು ಮಕ್ಕಳ ಗಾಜಿನ ಭಾವಚಿತ್ರವಿತ್ತು. ಪತ್ರಿಕೆಗಳಿಗೆ ಆಗ ಛಾಯಾಚಿತ್ರ ಅಚ್ಚು ಹಾಕುವ ತಂತ್ರವಿಲ್ಲದ್ದರಿಂದ, ಮಕ್ಕಳ ವಯಸ್ಸು, ಅಂಗಿಯ ಬಟ್ಟೆ, ಕುಳಿತ ರೀತಿಗಳನ್ನು ಮಾತಿನಲ್ಲಿ ವರ್ಣಿಸಿ 1863ರ ಅಕ್ಟೋಬರಿನಲ್ಲಿ ಫಿಲಡೆಲ್ಫಿಯಾದ ಪತ್ರಿಕೆಯೊಂದು ಇವರ ತಂದೆ ಯಾರೆಂದು ಕೇಳಿತು. ಬೇರೆ ಪತ್ರಿಕೆಗಳೂ ಅದನ್ನು ಎತ್ತಿಕೊಂಡವು. ನ್ಯೂಯಾರ್ಕ್ ರಾಜ್ಯದ ಪೋರ್ಟ್‌ವಿಲ್ ಎಂಬ ಸಣ್ಣ ಊರಿನ ಫಿಲಿಂಡಾ ಹ್ಯೂಮಿಸ್ಟನ್‌ಗೆ ಆ ವರ್ಣನೆ ತಲುಪಿತು. ಅಂಥದೇ ಚಿತ್ರವನ್ನು ಅವಳು ಗಂಡನಿಗೆ ಕಳುಹಿಸಿದ್ದಳು, ಗೆಟ್ಟಿಸ್‌ಬರ್ಗ್ ಕಾಳಗದ ನಂತರ ಅವನಿಂದ ಕಾಗದ ಬಂದಿರಲಿಲ್ಲ. ನವೆಂಬರಿನಲ್ಲಿ ಚಿತ್ರದ ಪ್ರತಿ ತಲುಪಿದ ಮೇಲೆ ಅವನು 154ನೆಯ ನ್ಯೂಯಾರ್ಕ್ ರೆಜಿಮೆಂಟಿನ ಏಮಸ್ ಹ್ಯೂಮಿಸ್ಟನ್ ಎಂದು ಖಚಿತವಾಯಿತು. ಆ ಚಿತ್ರದ ಪ್ರತಿಗಳನ್ನು ಮಾರಿ ಬಂದ ಹಣವೂ ಸೇರಿ, 1866ರಲ್ಲಿ ಗೆಟ್ಟಿಸ್‌ಬರ್ಗ್‌ನಲ್ಲಿಯೇ ಸೈನಿಕರ ಅನಾಥ ಮಕ್ಕಳಿಗೆ ಒಂದು ಆಶ್ರಮ ತೆರೆಯಿತು. ಫಿಲಿಂಡಾ ಮಕ್ಕಳೊಡನೆ ಅಲ್ಲಿಗೆ ಬಂದು ಕೆಲಕಾಲ ಕೆಲಸ ಮಾಡಿದಳು.

ನಿಮಗೆ ಇನ್ನೂ ಓದುವ ಮನಸ್ಸಿದ್ದರೆ, ತಾಯಂದಿರ ಪಿಂಚಣಿ ಕಡತಗಳಿಂದ ಆರಂಭಿಸಿ. ಕಾಗದದ ಜೊತೆಗೆ ನೆರೆಹೊರೆಯವರ ಸಾಕ್ಷಿ, ಅಂಗಡಿಯವನ ಲೆಕ್ಕ, ಕಂಪನಿಯ ಅಧಿಕಾರಿಯ ಹೇಳಿಕೆ ಎಲ್ಲವೂ ಒಂದೇ ಕಡೆ ಇರುವುದರಿಂದ, ಪಾಳೆಯದಲ್ಲಿ ಕುಳಿತು ಕರುವಿನ ಬೆಲೆ ಕೇಳಿದವನ ಮನೆಯಲ್ಲಿ ಆ ಕರು ನಿಜವಾಗಿ ಎಷ್ಟಕ್ಕೆ ಹೋಯಿತು ಎಂಬುದೂ ಕೆಲವೊಮ್ಮೆ ಅಲ್ಲಿಯೇ ಸಿಗುತ್ತದೆ.